ಇಪ್ಪತ್ತಮೂರನೆಯ ಪದ

ಮೂರನೆಯ ಪಾಠದ ದಿನ ಕ್ರೇನಣ್ಣನ ಮುಂದಿನ ಹಲ್ಲು ಉದುರಿತು. ಉದುರಿಸಿದವನು ಟೀಚರ ಸ್ವಂತ ಮೈದುನ.

ಕಲ್ಲಿದ್ದಲು ಸುಟ್ಟು ಕರೆಂಟು ತಯಾರಿಸುವ ಸ್ಥಾವರ ಅದು. ಅದನ್ನು ಮುಚ್ಚಿ, ಬೂದಿ ಸುರಿಯುವ ಕೆರೆಯ ಜಾಗದಲ್ಲಿ ಬ್ಯಾಟರಿ ಕೇಂದ್ರ ಕಟ್ಟುವುದೆಂದು ಮೇಲಿನವರು ತೀರ್ಮಾನಿಸಿ ಆಗಿತ್ತು. ಹೇಗೆ, ಎಷ್ಟು ದಿನದಲ್ಲಿ, ಯಾರಿಗೆ ಕೆಲಸ ಉಳಿಯುತ್ತದೆ ಎಂಬ ಮಾತುಕತೆಗೆ ಹೊರದೇಶದ ಸಲಹೆಗಾರನೊಬ್ಬ ಬರುವವನಿದ್ದ. ಅವನ ಮಾತೆಲ್ಲ ಇಂಗ್ಲಿಷಿನಲ್ಲಿ. ಕಾರ್ಮಿಕರು ತಮ್ಮೊಳಗಿಂದ ಆರಿಸಿದ ಇಪ್ಪತ್ತು ಜನರಿಗೆ ಈ ವಿಷಯದ ಅರವತ್ತು ಪದಗಳನ್ನಾದರೂ ಕಲಿಸಿಬಿಡಿ ಎಂದು ಕಂಪನಿಯವರು ಟೀಚರನ್ನು ಕರೆಸಿದ್ದರು. ಕಂಪನಿಯ ಶಾಲೆಯಲ್ಲಿ ಹತ್ತೊಂಬತ್ತು ವರ್ಷ ಇಂಗ್ಲಿಷ್ ಹೇಳಿಕೊಟ್ಟವಳು ಅವಳು. ಹಿಂದಿನ ವರ್ಷ ಶಾಲೆ ಮುಚ್ಚಿತ್ತು.

ತರಬೇತಿ ಕೊಠಡಿಯ ಹಲಗೆಯ ಮೇಲೆ ಅವಳು ದಿನಕ್ಕೆ ಹತ್ತು ಪದ ಬರೆಯುತ್ತಿದ್ದಳು. ಕಬ್ಬಿಣ ಹಿಡಿದ ಕೈಗಳಿಗೆ ಪೆನ್ನು ಹಿಡಿಯುವುದು ಹಿಂಸೆ. ಆದರೂ ನಗೆಗೆ ಬರವಿರಲಿಲ್ಲ. ನೆಟ್ ಝೀರೋ ಎಂದರೆ ಕೂಡಿ ಕಳೆದು ಕೊನೆಗೆ ಉಳಿಯುವುದು ಸೊನ್ನೆ ಎಂದಾಗ, 'ನಮ್ಮನೇಲಿ ನನ್ನ ಮಾತಿಗೆ ಇರೋ ಬೆಲೆ' ಎಂದಿದ್ದ ಒಬ್ಬ. ಸ್ಟ್ರಾಂಡೆಡ್ ಅಸೆಟ್ ಎಂದರೆ ಇನ್ನು ಉಪಯೋಗಕ್ಕೆ ಬಾರದೆ ಸುಮ್ಮನೆ ಬಿದ್ದುಕೊಳ್ಳುವ ಆಸ್ತಿ ಎಂದಾಗ ಎಲ್ಲರೂ ತಿರುಗಿ ಬಾಯ್ಲರಿನ ಮುದಿ ಮೇಸ್ತ್ರಿಯನ್ನು ನೋಡಿದ್ದರು. ಅವನೂ ನಕ್ಕಿದ್ದ.

ಇಪ್ಪತ್ತಮೂರನೆಯ ಪದ ಫೇಸ್ ಔಟ್.

"ಫೇಸ್ ಅಂದ್ರೆ ಮುಖ ಅಲ್ವಾ ಟೀಚರ್? ಮುಖ ಕಿತ್ತು ಹೊರಗೆ ಹಾಕೋದಾ?" ಎಂದ ಕ್ರೇನಣ್ಣ. ಕಲ್ಲಿದ್ದಲಿನ ಅಂಗಳದಲ್ಲಿ ಕ್ರೇನು ನಡೆಸುವವನು. ಮಾತಿಗೆ ಕೂತರೆ ಗೋಡೆಯನ್ನೂ ನಗಿಸುವವನು.

"ಇದು ಬೇರೆ ಫೇಸ್. ಹಂತ ಅಂತ ಅರ್ಥ. ಹಂತಹಂತವಾಗಿ ಇಲ್ಲದ ಹಾಗೆ ಮಾಡೋದು."

"ಯಾರನ್ನ?" ಎಂದ ಮೈದುನ, ಹಿಂದಿನ ಬೆಂಚಿನಿಂದ.

"ಕಲ್ಲಿದ್ದಲನ್ನ."

"ಕಲ್ಲಿದ್ದಲಿಗೆ ಹೆಂಡ್ತಿ ಮಕ್ಕಳಿಲ್ಲ ಅತ್ತಿಗೆ. ಇಲ್ಲಿರೋರ ಕಥೆ ಕೇಳ್ತಿದೀನಿ."

"ನಿನಗೂ ಹೆಂಡ್ತಿ ಮಕ್ಕಳಿಲ್ಲವಲ್ಲೋ," ಎಂದ ಕ್ರೇನಣ್ಣ. "ನಿನ್ನ ಮುಖ ನೋಡಿದ ಹೆಣ್ಣುಗಳೆಲ್ಲ ತಾವೇ ಫೇಸ್ ಔಟ್ ಆಗಿಹೋದ್ರು."

ಕೊಠಡಿ ಗೊಳ್ಳೆಂದಿತು. ಮೈದುನ ಬೆಂಚು ಹಾರಿ ಬಂದ. ಗುದ್ದು ಬಿದ್ದ ಸದ್ದು ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದಂತಿತ್ತು. ಕ್ರೇನಣ್ಣ ಬೆಂಚಿನ ಮೇಲೆ ಮಗುಚಿಬಿದ್ದ. ಎದ್ದು, ಬಾಯಿಂದ ರಕ್ತದ ಜೊತೆ ಏನನ್ನೋ ಅಂಗೈಗೆ ಉಗಿದುಕೊಂಡು, ನೋಡಿ, ಹಲಗೆಯತ್ತ ತೋರಿಸಿದ. "ಅರ್ಥ ಆಯ್ತು ಟೀಚರ್. ಮುಂದಿನ ಪದ ಹೇಳಿ."

ಮೈದುನನನ್ನು ಊರೆಲ್ಲ ಸುತ್ತಿಗೆ ಎಂದೇ ಕರೆಯುವುದು. ಕಲ್ಲಿದ್ದಲು ಸಾಗಿಸುವ ಬೆಲ್ಟಿನ ಫಿಟ್ಟರ್ ಅವನು, ವಯಸ್ಸು ಮೂವತ್ತಮೂರು. ಕೋಪ ಮೂಗಿನ ತುದಿಯಲ್ಲಿ, ಪಶ್ಚಾತ್ತಾಪ ಅದರ ಬೆನ್ನಿಗೇ. ಅವತ್ತೇ ಸಂಜೆ ಕ್ರೇನಣ್ಣನ ಮನೆ ಬಾಗಿಲಿಗೆ ಹೋಗಿ, "ನಂದೂ ಒಂದು ಉದುರಿಸು, ಲೆಕ್ಕ ಸರಿಹೋಗ್ಲಿ" ಎಂದು ಮುಖ ಒಡ್ಡಿ ನಿಂತನಂತೆ. ಕ್ರೇನಣ್ಣ ಬೈದು ಕಳಿಸಿದ.

ಅವನ ಎರಡು ಕೈಗಳೂ ಮೊಣಕೈವರೆಗೆ ಸುಟ್ಟಿದ್ದವು. ಚರ್ಮ ಮೇಣ ಮೆತ್ತಿದ ಕಾಗದದಂತೆ ನುಣ್ಣಗೆ ಹೊಳೆಯುತ್ತಿತ್ತು. ಹನ್ನೊಂದು ವರ್ಷದ ಹಿಂದೆ ಬಾಯ್ಲರಿನ ಕೆಳಗೆ ಕಟ್ಟಿಕೊಂಡಿದ್ದ ಬೂದಿ ಒಮ್ಮೆಲೇ ಕುಸಿದು, ಕೆಳಗೆ ನಿಂತಿದ್ದ ಟೀಚರ ಗಂಡನನ್ನು ಸೊಂಟದವರೆಗೆ ಹೂತುಹಾಕಿತ್ತು. ಕೆಂಡಕ್ಕಿಂತ ಬಿಸಿಯಾದ ಬೂದಿ. ಎಲ್ಲರೂ ಹಿಂದಕ್ಕೆ ಓಡಿದಾಗ ತಮ್ಮನೊಬ್ಬನೇ ಬರಿಗೈಯಲ್ಲಿ ಆ ಬೂದಿ ಬಗೆದು ಅಣ್ಣನನ್ನು ಎಳೆದು ತಂದ. ಅಣ್ಣ ಆಸ್ಪತ್ರೆಯಲ್ಲಿ ಎರಡು ದಿನ ಕೂಗಿ ಕೂಗಿ ಸತ್ತ. ಅಂದಿನಿಂದ ಕಂಪನಿ ಮನೆಯಲ್ಲಿ ಉಳಿದವರು ಮೂವರು: ಟೀಚರು, ಅವಳ ಅತ್ತೆ, ಈ ಮೈದುನ. ಅವಳು ಮದುವೆಯಾಗಿ ಬಂದಾಗ ಅವನಿಗೆ ಹನ್ನೊಂದು ವರ್ಷ. ಸಾಕಿ ಬೆಳೆಸಿದವಳು ಅವಳೇ. ಹೆತ್ತಿರಲಿಲ್ಲ, ಅಷ್ಟೆ.

ಸಭೆಗೆ ಎರಡು ದಿನ ಇರುವಾಗ ಸಲಹೆಗಾರ ಬಂದ. ಐವತ್ತು ದಾಟಿದ, ತೆಳ್ಳಗಿನ, ಕನ್ನಡಕವನ್ನು ಹಣೆಗೇರಿಸಿಕೊಂಡು ಅದನ್ನೇ ಹುಡುಕುವ ಮನುಷ್ಯ. ಅವನ ಮಾತನ್ನು ಕಾರ್ಮಿಕರಿಗೆ ಅವರ ಭಾಷೆಯಲ್ಲಿ ಹೇಳುವ ಕೆಲಸವೂ ಟೀಚರದೇ. ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ಅವನು ತನ್ನ ವರದಿಯನ್ನು ಅವಳ ಮುಂದೆ ಸರಿಸಿದ.

"ಇಲ್ಲಿರುವ ಎರಡೂ ಘಟಕಗಳು ಹದಿನೆಂಟು ತಿಂಗಳಲ್ಲಿ ನಿಲ್ಲುತ್ತವೆ," ಎಂದ ಇಂಗ್ಲಿಷಿನಲ್ಲಿ. "ಆರುನೂರಹತ್ತು ಜನರಿಗೆ ಕೆಲಸ ಇಲ್ಲ. ಇದನ್ನು ನ್ಯಾಯದ ಬದಲಾವಣೆ ಅಂತ ಬರೆದುಕೊಡು ಅಂದರು. ನಾನು ಬರೆಯಲಿಲ್ಲ. ಇದು ನ್ಯಾಯವಲ್ಲ. ಈ ಜನ ಕೂಗಿ ಕೇಳದೆ ಇದ್ದರೆ ಯಾರೂ ಏನೂ ಕೊಡುವುದಿಲ್ಲ. ನಾಡಿದ್ದು ಅದನ್ನೇ ಹೇಳುತ್ತೇನೆ. ನೀವು ಸಕ್ಕರೆ ಹಾಕದೆ ಹೇಳಬೇಕು."

"ಕಡ್ಡಿ ಮುರಿದ ಹಾಗೆ ಹೇಳ್ತೀನಿ," ಎಂದಳು. ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ತಿಳಿಯದೆ, ಬಿಸ್ಕತ್ತೊಂದನ್ನು ಲಟ್ಟನೆ ಮುರಿದು ತೋರಿಸಿದಳು. ಅವನು ನಕ್ಕ.

ಮಾರನೆಯ ಬೆಳಿಗ್ಗೆ ತರಬೇತಿ ಅಧಿಕಾರಿ ಅವಳನ್ನು ಕೋಣೆಗೆ ಕರೆದ. ಬಾಗಿಲು ಹಾಕಿಸಿದ.

"ಸಭೆ ತಣ್ಣಗೆ ಮುಗಿಯಬೇಕು ಟೀಚರ್. ಆ ಮನುಷ್ಯ ಏನೇ ಹೇಳಲಿ, ನೀವು ಮೃದುವಾಗಿ ಹೇಳಿ. ಸುಧಾರಣೆ, ಹೊಸ ಅವಕಾಶ, ಆತಂಕ ಬೇಡ. ಇಷ್ಟು ಸಾಕು."

"ಅದು ಸುಳ್ಳಾಗುತ್ತಲ್ಲ ಸರ್."

ಅಧಿಕಾರಿ ಮೇಜಿನ ಮೇಲಿದ್ದ ಪಟ್ಟಿಯೊಂದನ್ನು ಅವಳ ಕಡೆ ತಿರುಗಿಸಿದ. ಬ್ಯಾಟರಿ ಕೇಂದ್ರಕ್ಕೆ ತೆಗೆದುಕೊಳ್ಳುವ ನಲವತ್ತು ಫಿಟ್ಟರುಗಳ ಹೆಸರು. ಮೂವತ್ತೆಂಟನೆಯದು ಮೈದುನನದು.

"ಜಗಳಗಂಟ ಅಂತ ಎಲ್ಲರೂ ಬೇಡ ಅಂದ್ರು. ನಾನೇ ಹಾಕಿಸಿದೀನಿ. ಪೆನ್ಸಿಲ್‌ನಲ್ಲಿ ಬರೆದಿರೋದು ನೋಡಿ," ಎಂದ. ಅಳಿಸುವ ರಬ್ಬರೊಂದನ್ನು ಪಟ್ಟಿಯ ಪಕ್ಕಕ್ಕೆ ಸರಿಸಿದ.

ಅವಳು ಮನೆಗೆ ಬಂದು ಊಟ ಬಡಿಸುವಾಗ ಮೈದುನನ ಸುಟ್ಟ ಕೈ ತಟ್ಟೆಯ ಅಂಚನ್ನು ಹಿಡಿದಿರುವುದನ್ನು ನೋಡಿದಳು. ಇವನನ್ನು ಇನ್ನು ಬೇರೆ ಯಾರು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ ಎಂದುಕೊಂಡಳು. ಅಲ್ಲಿಗೆ ತೀರ್ಮಾನವಾಯಿತು.

ಸಭೆ ನಡೆದದ್ದು ಬಿಡಿಭಾಗಗಳ ಗೋದಾಮಿನಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಒಂಬೈನೂರು ಜನ. ಕೂತವರಿಗಿಂತ ನಿಂತವರೇ ಹೆಚ್ಚು. ಹಲಗೆ ಜೋಡಿಸಿದ ವೇದಿಕೆಯ ಮೇಲೆ ಸಲಹೆಗಾರ, ತರಬೇತಿ ಅಧಿಕಾರಿ, ಟೀಚರು. ಮುಂದಿನ ಸಾಲಿನಲ್ಲಿ ಅವಳ ಇಪ್ಪತ್ತು ವಿದ್ಯಾರ್ಥಿಗಳು, ಮಡಿಲಲ್ಲಿ ಪುಸ್ತಕ ಬಿಚ್ಚಿಟ್ಟುಕೊಂಡು.

ಸಲಹೆಗಾರ ಸುತ್ತಿ ಬಳಸಲಿಲ್ಲ. ಎರಡು ಘಟಕಗಳು ಫೇಸ್ ಔಟ್ ಆಗುತ್ತವೆ ಎಂದ. ಆರುನೂರಹತ್ತು ಎಂದ. ಇದು ಜಸ್ಟ್ ಟ್ರಾನ್ಸಿಷನ್, ಅಂದರೆ ನ್ಯಾಯದ ಬದಲಾವಣೆ, ಎಂದು ಹೇಳಲು ತನಗೆ ನಾಚಿಕೆಯಾಗುತ್ತದೆ, ನೀವು ಸುಮ್ಮನಿರಬೇಡಿ ಎಂದ. ಹೇಳಿ ಟೀಚರ ಕಡೆ ತಿರುಗಿದ.

ಅವಳು ಮೈಕು ಹಿಡಿದಳು. "ಎರಡು ಘಟಕಗಳನ್ನು ಹಂತಹಂತವಾಗಿ ಸುಧಾರಿಸಲಾಗುವುದು. ಹೊಸ ಅವಕಾಶಗಳು ಬರುತ್ತವೆ. ಇದು ನ್ಯಾಯಯುತ ಬದಲಾವಣೆ. ಯಾರೂ ಆತಂಕ ಪಡಬೇಕಾಗಿಲ್ಲ."

ಗೋದಾಮಿನ ಹಿಂಭಾಗದಲ್ಲಿ ಚಪ್ಪಾಳೆಯೂ ಬಿತ್ತು. ಮುಂದಿನ ಸಾಲು ಅಲುಗಲಿಲ್ಲ. ಆಮೇಲೆ ಕ್ರೇನಣ್ಣ ಎದ್ದು ನಿಂತ.

"ಟೀಚರ್, ಅವರು ಫೇಸ್ ಔಟ್ ಅಂದ್ರು. ಸುಧಾರಣೆ ಅಂತ ನೀವು ನಮಗೆ ಹೇಳಿಕೊಟ್ಟಿರಲಿಲ್ಲ."

ಮೈಕಿನಲ್ಲಿ ಅವಳ ಉಸಿರು ಮಾತ್ರ ಕೇಳಿಸಿತು.

"ಆರುನೂರಹತ್ತು ಅಂತಾನೂ ಅಂದ್ರು," ಎಂದ ಬಾಯ್ಲರ್ ಮೇಸ್ತ್ರಿ, ಪುಸ್ತಕದಲ್ಲಿ ಬೆರಳಿಟ್ಟುಕೊಂಡು. "ಆರುನೂರಹತ್ತು ಏನು? ಜನಾನಾ?"

ಮಾತು ಹಿಂದಿನ ಸಾಲುಗಳಿಗೆ ಬೆಂಕಿಯಂತೆ ಹಬ್ಬಿತು. ಆರುನೂರಹತ್ತು ಜನರನ್ನು ತೆಗೆಯುತ್ತಾರಂತೆ. ಈ ಹೊರದೇಶದವನೇ ಹೇಳಿದ್ದಂತೆ. ಇದೇ ನ್ಯಾಯ ಅಂದನಂತೆ. ಅರವತ್ತು ಪದ ಕಲಿತವರಿಗೆ ಫೇಸ್ ಔಟ್ ಕೇಳಿಸಿತ್ತು, ಜಸ್ಟ್ ಟ್ರಾನ್ಸಿಷನ್ ಕೇಳಿಸಿತ್ತು. ನಾಚಿಕೆ ಎಂಬುದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆಂದು ಯಾರಿಗೂ ಗೊತ್ತಿರಲಿಲ್ಲ. ಅದು ಪುಸ್ತಕದಲ್ಲಿ ಇರಲಿಲ್ಲ.

ಜನ ಏಳುತ್ತಿರುವುದನ್ನು ಕಂಡು ಸಲಹೆಗಾರನ ಮುಖ ಅರಳಿತು. ತನ್ನ ಮಾತು ತಲುಪಿತು ಎಂದುಕೊಂಡ. ತಲೆಯಾಡಿಸಿ, ಎರಡೂ ಕೈಗಳನ್ನು ಮೇಲೆತ್ತಿ, ಏಳಿ ಏಳಿ ಎನ್ನುವಂತೆ ಸನ್ನೆ ಮಾಡಿದ. ನಕ್ಕ.

"ನಗ್ತಾನಲ್ರೋ!" ಎಂದು ಯಾರೋ ಕೂಗಿದರು.

ಮೊದಲ ಕುರ್ಚಿ ವೇದಿಕೆಯ ಹಿಂದಿನ ಗೋಡೆಗೆ ಬಡಿಯಿತು. ಎರಡನೆಯದು ಸಲಹೆಗಾರನ ಎದೆಗೆ. ತರಬೇತಿ ಅಧಿಕಾರಿ ಹಿಂಬಾಗಿಲಿನಿಂದ ಮಾಯವಾದ. ಮೈದುನ ವೇದಿಕೆ ಹತ್ತಿ ಟೀಚರ ಎದುರು ನಿಂತ. ಅವನ ಕಣ್ಣು ಕೆಂಡವಾಗಿತ್ತು.

"ಹೇಳಿ ಅತ್ತಿಗೆ. ನಿಜ ಏನು?"

ಅವಳು ಹೇಳಲಿಲ್ಲ. ಅತ್ತಿಗೆಯ ಮೇಲೆ ಕೈ ಎತ್ತಲಾರದವನು ಪಕ್ಕಕ್ಕೆ ತಿರುಗಿ, ಮೈಕಿನ ಕಬ್ಬಿಣದ ಕಂಬವನ್ನು ಬುಡಸಮೇತ ಎತ್ತಿ ಸಲಹೆಗಾರನ ಮುಖಕ್ಕೆ ಬೀಸಿದ. ಕನ್ನಡಕ ಒಳಕ್ಕೆ ಹೊಕ್ಕಿತು. ಮನುಷ್ಯ ಕೂಗಲೂ ಇಲ್ಲ, ಮೊಣಕಾಲ ಮೇಲೆ ಕುಸಿದ. ಎರಡನೆಯ ಏಟು ದವಡೆಗೆ. ಮೂರನೆಯದು ಬೆನ್ನ ಕೆಳಗೆ. ಆ ಹೊತ್ತಿಗೆ ವೇದಿಕೆಯ ಮೇಲೆ ಮೂವತ್ತು ಜನ ಇದ್ದರು. ಬೂಟುಗಾಲುಗಳು ಏಳುತ್ತ ಇಳಿಯುತ್ತ ಇದ್ದವು, ಗಾರೆ ತುಳಿಯುವವರ ಹಾಗೆ.

ಯಾರೋ ಟೀಚರ ಜಡೆ ಹಿಡಿದು ಎಳೆದರು. ಇನ್ಯಾರೋ ಕಿವಿಯ ಮೇಲೆ ಹೊಡೆದರು. ಕ್ರೇನಣ್ಣ ನುಗ್ಗಿ ಬಂದು ಅವಳನ್ನು ವೇದಿಕೆಯ ಮೂಲೆಯಲ್ಲಿ ಕೆಡವಿ, ತಾನು ಅವಳ ಮೇಲೆ ಬೋರಲು ಬಿದ್ದ. ಅವನ ಬೆನ್ನ ಮೇಲೆ ಕುರ್ಚಿಯೊಂದು ಮುರಿಯುವುದು ಅವಳಿಗೆ ತನ್ನ ಪಕ್ಕೆಲುಬಿನಲ್ಲಿ ತಿಳಿಯಿತು.

"ನಿಜ ಹೇಳೋಕೆ ಬಾಯಿ ಬರದಿದ್ರೆ," ಎಂದ ಅವನು ಅವಳ ಕಿವಿಯ ಬಳಿ, ಹಲ್ಲಿಲ್ಲದ ಸಂದಿಯಿಂದ ಉಸಿರು ಬಿಡುತ್ತ, "ಮುಚ್ಚಿಕೊಂಡಾದ್ರೂ ಇರಬೇಕಿತ್ತು ಟೀಚರ್."

ಪೊಲೀಸರು ಬರುವಾಗ ಅರ್ಧ ಗಂಟೆ ಕಳೆದಿತ್ತು. ಲಾಠಿಗಳು ಕೈ ಕಾಲು ನೋಡದೆ ಬಿದ್ದವು. ಬಾಯ್ಲರ್ ಮೇಸ್ತ್ರಿಯ ಮಣಿಕಟ್ಟು ಪುಸ್ತಕದ ಸಮೇತ ಮುರಿಯಿತು.

ಮರುದಿನ ಮಧ್ಯಾಹ್ನ ಇನ್‌ಸ್ಪೆಕ್ಟರು ಟೀಚರನ್ನು ಆಸ್ಪತ್ರೆಗೆ ಕರೆದೊಯ್ದರು. ಸಲಹೆಗಾರನಿಗೆ ಎಚ್ಚರವಾಗಿತ್ತು. ಹೇಳಿಕೆ ಪಡೆಯಬೇಕು, ಊರಿನಲ್ಲಿ ಅವನ ಭಾಷೆ ಬಲ್ಲವರು ಬೇರೆ ಯಾರೂ ಸಿಕ್ಕಿರಲಿಲ್ಲ.

ಮುಖದ ಎಡಭಾಗವೆಲ್ಲ ಬಟ್ಟೆ. ದವಡೆಗೆ ತಂತಿ ಕಟ್ಟಿದ್ದರು. ಉಳಿದ ಒಂದು ಕಣ್ಣು ಅವಳನ್ನು ಗುರುತಿಸಿತು. ತುಟಿಯ ಸಂದಿಯಿಂದ ನಿಧಾನವಾಗಿ ಏನನ್ನೋ ಕೇಳಿದ. ಅವಳು ಒಂದೇ ಪದದಲ್ಲಿ ಉತ್ತರಿಸಿದಳು. ಆ ಕಣ್ಣು ಮುಚ್ಚಿಕೊಂಡಿತು.

"ಏನಂತೆ?" ಎಂದರು ಇನ್‌ಸ್ಪೆಕ್ಟರು.

"ನಾನು ಹೇಳಿದ್ದನ್ನ ಅವರಿಗೆ ಹೇಳಿದ್ರಾ ಅಂತ ಕೇಳಿದ್ರು. ಇಲ್ಲ ಅಂದೆ."

ಇನ್‌ಸ್ಪೆಕ್ಟರು ಪೆನ್ನು ನಿಲ್ಲಿಸಿ ಅವಳನ್ನು ದಿಟ್ಟಿಸಿದರು. ಆಮೇಲೆ ಬರೆದುಕೊಂಡರು. "ಮೊದಲು ಹೊಡೆದವನು ಯಾರು, ಕೇಳಿ."

ಅವಳು ಕೇಳಿದಳು. ಅವನು ಮುಖ ನೆನಪಿಲ್ಲ ಎಂದ. ಆಮೇಲೆ ಹೊದಿಕೆಯ ಮೇಲಿದ್ದ ತನ್ನ ಕೈಯನ್ನು ಒಂದಿಷ್ಟು ಎತ್ತಿ, ಇನ್ನೊಂದು ಕೈಯಿಂದ ಅದನ್ನು ಮೊಣಕೈವರೆಗೆ ಸವರಿಕೊಂಡ. ಹೊಡೆದವನ ಕೈಗಳು ಸುಟ್ಟಿದ್ದವು ಎಂದ. ಎರಡೂ.

ಕೋಣೆಯಲ್ಲಿ ಔಷಧಿ ಬಾಟಲಿಯಿಂದ ಹನಿ ಬೀಳುತ್ತಿತ್ತು. ಕೈಗವಸು ಹಾಕಿದ್ದನಂತೆ ಎಂದರೆ ಸಾಕಿತ್ತು. ಸ್ಥಾವರದಲ್ಲಿ ಕೈಗವಸು ಹಾಕುವವರು ಎಂಟುನೂರು ಜನ. ಇನ್‌ಸ್ಪೆಕ್ಟರಿಗೆ ತಿಳಿಯುತ್ತಿರಲಿಲ್ಲ. ಹಾಸಿಗೆಯ ಮೇಲಿದ್ದವನಿಗೂ ತಿಳಿಯುತ್ತಿರಲಿಲ್ಲ. ಅವಳಿಗೆ ಹನ್ನೊಂದು ವರ್ಷದ ಹುಡುಗನೊಬ್ಬ ಶಾಲೆಯ ಚೀಲ ಎಸೆದು ಅತ್ತಿಗೇ ಹಸಿವು ಎನ್ನುವುದು ಕೇಳಿಸಿತು. ಗೋಡೆಗೆ ಕೈ ಊರಿದಳು.

"ಏನಂದ್ರು ಟೀಚರ್?"

"ಸುಟ್ಟ ಕೈ," ಎಂದಳು. "ಮೊಣಕೈವರೆಗೆ. ಎರಡೂ ಕೈ."

ಯಾರೆಂದು ಇನ್‌ಸ್ಪೆಕ್ಟರು ಕೇಳಲಿಲ್ಲ. ಟೋಪಿ ಹಾಕಿಕೊಂಡರು.

ಮನೆ ಮುಟ್ಟುವ ಹೊತ್ತಿಗೆ ಜೀಪು ಅವಳಿಗಿಂತ ಮುಂದೆ ಬಂದಿತ್ತು. ಮೈದುನ ತಪ್ಪಿಸಿಕೊಳ್ಳಲು ನೋಡಿರಲಿಲ್ಲ, ಹಿತ್ತಲ ಕಲ್ಲಿನ ಮೇಲೆ ಕೂತಿದ್ದ. ಆದರೂ ನಾಲ್ವರು ಅವನನ್ನು ಅಂಗಳಕ್ಕೆ ಎಳೆದು ತಂದು ಬೋರಲು ಕೆಡವಿದರು. ಒಬ್ಬ ಅವನ ಕತ್ತಿನ ಮೇಲೆ ಮೊಣಕಾಲಿಟ್ಟ. ಇನ್ನೊಬ್ಬ, "ಇದೇ ಅಲ್ವಾ ಆ ಕೈ?" ಎಂದು ಬಲಗೈಯನ್ನು ಮೆಟ್ಟಿಲಿನ ಮೇಲೆ ಚಾಚಿಸಿ ಲಾಠಿಯ ತುದಿಯಿಂದ ಬೆರಳುಗಳನ್ನು ಒಂದೊಂದಾಗಿ ಕುಟ್ಟಿದ. ಟೀಚರು ಓಡಿಬಂದು ಆ ಕೈಯ ಮೇಲೆ ಬಿದ್ದಳು. ಒಂದು ಏಟು ಅವಳ ಭುಜಕ್ಕೂ ಬಿತ್ತು. ಮೈದುನ ಮಣ್ಣು ಮೆತ್ತಿದ ಮುಖ ತಿರುಗಿಸಿ ಅವಳನ್ನು ನೋಡಿದ.

"ನೀವೇ ಹೇಳಿದ್ರಾ?"

"ಅವರು ಹೇಳಿದ್ದನ್ನ ನಾನು ಹೇಳ್ದೆ."

ಪೊಲೀಸರು ಅವನನ್ನು ಎತ್ತಿ ಜೀಪಿಗೆ ತಳ್ಳಿದರು. ಜೀಪು ಹೋದ ಮೇಲೆ ಅತ್ತೆ ಒಳಗಿನಿಂದ ಕಬ್ಬಿಣದ ಸೌಟು ಹಿಡಿದು ಬಂದಳು. ಎಪ್ಪತ್ತು ದಾಟಿದ ಮುದುಕಿಗೆ ಅಷ್ಟು ಬಲ ಎಲ್ಲಿಂದ ಬಂತೋ. ತಲೆ, ಬೆನ್ನು, ತೋಳು ಎನ್ನದೆ ಬಡಿದಳು. "ದೊಡ್ಡವನನ್ನ ಬೂದಿ ತಿಂತು. ಚಿಕ್ಕವನನ್ನ ನೀನು ತಿಂದೆ. ಈಗ ಹೊಟ್ಟೆ ತುಂಬ್ತಾ? ತುಂಬ್ತಾ?" ಟೀಚರು ಕೈ ಅಡ್ಡ ಹಿಡಿಯಲಿಲ್ಲ. ಹಣೆ ಒಡೆದು ರಕ್ತ ಕಣ್ಣಿಗಿಳಿದಾಗ ಮುದುಕಿಯೇ ಸೌಟು ಬಿಸಾಡಿ, ಸೆರಗಿನಿಂದ ಆ ರಕ್ತ ಒತ್ತಿ ಹಿಡಿದು, ಎದೆ ಒಡೆದಂತೆ ಅತ್ತಳು.

ನಾಲ್ಕನೆಯ ದಿನ ಸಲಹೆಗಾರ ಸತ್ತ. ಪ್ರಕರಣ ಕೊಲೆಯಾಯಿತು.

ನ್ಯಾಯಾಲಯದಲ್ಲಿ ಟೀಚರು ಎಲ್ಲವನ್ನೂ ಹೇಳಿದಳು: ಅವನು ಹೇಳಿದ್ದೇನು, ತಾನು ಹೇಳಿದ್ದೇನು, ಯಾರು ಹಾಗೆ ಹೇಳಿಸಿದರು. ತರಬೇತಿ ಅಧಿಕಾರಿ ತಾನು ಅಂಥದ್ದೇನೂ ಹೇಳೇ ಇಲ್ಲ ಎಂದ. ಪೆನ್ಸಿಲಿನ ಪಟ್ಟಿ ಎಲ್ಲೂ ಸಿಗಲಿಲ್ಲ. ಅವನಿಗೆ ಬೇರೆ ಊರಿಗೆ ವರ್ಗವಾಯಿತು. ಮೈದುನನಿಗೆ ಹನ್ನೆರಡು ವರ್ಷ, ಬೇರೆ ಆರು ಜನರಿಗೆ ಎರಡರಿಂದ ಐದು.

ಊರಿನವರು ಅವಳ ಕಿಟಕಿಗೆ ಮೂರು ಸಲ ಕಲ್ಲೆಸೆದರು. ಒಂದು ಕಲ್ಲು ಅತ್ತೆಯ ಕಾಲ್ಬೆರಳನ್ನು ಜಜ್ಜಿತು. ನಾಲ್ಕನೆಯ ಸಲ ಕ್ರೇನಣ್ಣ ಬಾಗಿಲಿಗೆ ಅಡ್ಡ ನಿಂತು, ಎಸೆಯಲು ಬಂದವನ ಕೈಯನ್ನು ತಿರುಚಿ ಕೀಲು ತಪ್ಪಿಸಿದ. ಆಮೇಲೆ ಒಳಗೆ ಬಂದು, ಸತ್ತವನ ವರದಿಯನ್ನು ಅವಳ ಮುಂದೆ ಇಟ್ಟ. ಕಾರ್ಮಿಕ ಸಂಘದವರು ಎಲ್ಲಿಂದಲೋ ತರಿಸಿದ್ದರು. "ಇದನ್ನ ನಮ್ಮ ಮಾತಲ್ಲಿ ಬರೆದುಕೊಡಿ. ಪೂರ್ತಿ. ಒಂದು ಅಕ್ಷರ ಬಿಡಬೇಡಿ."

ಆರು ವಾರ ಕೂತು ಬರೆದಳು. ಅದನ್ನು ಗೇಟಿನಲ್ಲಿ ಗಟ್ಟಿಯಾಗಿ ಓದಿದ ದಿನ ಯಾರೂ ಕೂಗಲಿಲ್ಲ. ತಾವು ತುಳಿದದ್ದು ಯಾರನ್ನು ಎಂಬುದು ಒಂಬೈನೂರು ಜನರಿಗೆ ಒಟ್ಟಿಗೆ ತಿಳಿಯಿತು. ಬಾಯ್ಲರ್ ಮೇಸ್ತ್ರಿ ಗೇಟಿನ ಸರಳಿಗೆ ಹಣೆ ಚಚ್ಚಿಕೊಂಡು ಅತ್ತ, ಇಬ್ಬರು ಹಿಡಿದುಕೊಳ್ಳಬೇಕಾಯಿತು. ಆ ವರದಿಯನ್ನೇ ಹಿಡಿದು ಸಂಘ ನಾಲ್ಕು ತಿಂಗಳು ಹಟ ಮಾಡಿತು. ನಾನೂರು ಜನರಿಗೆ ಹೊಸ ಕೇಂದ್ರದಲ್ಲಿ ಕೆಲಸ ಖಾತ್ರಿಯಾಯಿತು. ಇನ್ನೂರಹತ್ತು ಜನರಿಗೆ ಆಗಲಿಲ್ಲ.

ಪ್ರತಿ ಶುಕ್ರವಾರ ಟೀಚರು ಜೈಲಿಗೆ ಹೋಗುತ್ತಿದ್ದಳು. ಎಂಟು ತಿಂಗಳು ಮೈದುನ ಜಾಲರಿಯ ಆಚೆ ಕೂತು ನೆಲ ನೋಡಿದನೇ ಹೊರತು ತುಟಿ ಬಿಚ್ಚಲಿಲ್ಲ. ಒಂಬತ್ತನೆಯ ತಿಂಗಳಲ್ಲಿ ಕೇಳಿದ.

"ಆ ಅಧಿಕಾರಿ ನಿಮಗೆ ಏನು ಕೊಡ್ತೀನಿ ಅಂದಿದ್ದ? ಕೋರ್ಟಲ್ಲಿ ಪಟ್ಟಿ ಪಟ್ಟಿ ಅಂದ್ರಿ, ಯಾರ ಹೆಸರು ಅಂತ ಹೇಳಲೇ ಇಲ್ಲ."

"ನಿಂದು," ಎಂದಳು. "ಬ್ಯಾಟರಿ ಕೇಂದ್ರಕ್ಕೆ. ಮೂವತ್ತೆಂಟನೇ ಹೆಸರು."

ಅವನು ಜಾಲರಿಯ ಹತ್ತಿರಕ್ಕೆ ಬಗ್ಗಿದ.

"ನಾನು ಕೇಳಿದ್ನಾ ಅತ್ತಿಗೆ?"

"ಇಲ್ಲ."

"ನಾನು ಕೇಳಿದ್ನಾ?" ಎಂದು ಎದ್ದ. ಡೊಂಕಾಗಿ ಕೂಡಿಕೊಂಡಿದ್ದ ಬೆರಳುಗಳ ಬಲಗೈಯಿಂದಲೇ ಜಾಲರಿಗೆ ಗುದ್ದಿದ. ಮತ್ತೆ ಗುದ್ದಿದ. ನುಣ್ಣಗಿನ ಆ ಚರ್ಮ ಕಾಗದದಂತೆ ಹರಿಯಿತು, ತಂತಿಯ ಈಚೆಗೂ ರಕ್ತ ಸಿಡಿದು ಅವಳ ಕೆನ್ನೆಗೆ ತಾಗಿತು. ಅವಳು ಹಿಂದೆ ಸರಿಯಲಿಲ್ಲ. ಮೂವರು ಕಾವಲುಗಾರರು ಬಂದು ಅವನ ಕತ್ತು ಹಿಡಿದು ಎಳೆದುಕೊಂಡು ಹೋಗುವವರೆಗೂ ಅಲ್ಲೇ ಕೂತಿದ್ದಳು.

ಮುಂದಿನ ಶುಕ್ರವಾರ ಅವನು ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಮೂರನೆಯ ಶುಕ್ರವಾರ ಕೈಗೆ ಬಟ್ಟೆ ಸುತ್ತಿಕೊಂಡು ಬಂದು ಎದುರು ಕೂತ.

"ಅಮ್ಮ ಹೇಗಿದಾಳೆ?" ಎಂದ.

"ಮೊಣಕಾಲು ಊದಿದೆ. ಮೆಟ್ಟಿಲು ಹತ್ತೋಕೆ ಆಗಲ್ಲ."

"ಡಾಕ್ಟರಿಗೆ ತೋರಿಸಿದ್ರಾ?"

"ಬರಲ್ಲ ಅಂತಾಳೆ."

"ನಾನು ಹೇಳ್ದೆ ಅಂತ ಹೇಳಿ," ಎಂದ. "ಬರ್ತಾಳೆ."